ಸ್ಟೇರಿಂಗಿಗೆ ಕಟ್ಟಿದ ಕೆಂಪು ಬಟ್ಟೆ

ಚಿಕ್ಕಪ್ಪನ ಟೋಯಿಂಗ್ ಗಾಡಿ ನಮ್ಮ ರಸ್ತೆಯ ಮೂಲೆ ತಿರುಗುವ ಮೊದಲೇ ಅದರ ಕಾಯಿಲೆ ಏನೆಂದು ನನಗೆ ಗೊತ್ತಾಗಿತ್ತು. ಕುಯ್ಯೋ ಎಂದು ಒಂದೇ ಸಮ ಅಳುತ್ತಾ ಬರುತ್ತಿತ್ತು, ಹಿಂದೆ ನೀಲಿ ಹೊಗೆ. ಟರ್ಬೊ ಹೋಗ್ತಾ ಇದೆ ಅಂದುಕೊಂಡೆ. ಆಮೇಲೆ ಗಾಡಿ ಯಾರದು ಅಂತ ನೋಡಿದೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ದಾರಿಯಲ್ಲಿ ಕೆಟ್ಟು ನಿಂತ ಲಾರಿ, ಬಸ್ಸುಗಳನ್ನು ಎಳೆದು ತರುವ ಗಾಡಿ ಅದು. ಹಳೇ ಮಾದರಿ, ಮುಂದೆ ಉದ್ದನೆಯ ಬಾನೆಟ್ಟು, ಹಿಂದೆ ಕೊಕ್ಕೆ, ಸರಪಳಿ. ಬಾಗಿಲ ಮೇಲೆ ಚಿಕ್ಕಪ್ಪನದೇ ದೊಡ್ಡ ಫೋಟೊ, ಎದೆಯ ಮೇಲೆ ಕೈ ಕಟ್ಟಿ ಹಲ್ಲು ಬಿಟ್ಟು ನಿಂತಿರುವುದು. ಊರಿಗೆಲ್ಲ ಅವನು ‘ಅರ್ಜೆಂಟು’. ಯಾವ ಕೆಲಸ ಕೇಳಿದರೂ ಬಾಯಿಂದ ಬರುವ ಮೊದಲ ಮಾತು ಅದೇ. ಎಂಜಿನ್ ಸ್ಟಾರ್ಟ್ ಆದ ಕ್ಷಣವೇ ಮೂರು ಸಲ ಗುಂಯ್ ಗುಂಯ್ ಎಂದು ರೇಸ್ ಮಾಡಲೇಬೇಕು. ‘ಗಂಟಲು ಸರಿ ಮಾಡ್ಕೊಳ್ಳಲಿ ಬಿಡು’ ಅನ್ನುತ್ತಾನೆ. ನಿಲ್ಲಿಸುವಾಗಲೂ ಅಷ್ಟೇ, ಎಂಜಿನ್ ಕೆಂಡದ ಹಾಗೆ ಕಾದಿದ್ದರೂ ಟಕ್ ಎಂದು ಕೀ ತಿರುಗಿಸಿ ಇಳಿದುಬಿಡುತ್ತಾನೆ.

ಎದುರಿಗೆ ಸಿಕ್ಕಾಗ ನಾನು ಅವನಿಗೆ ಬನ್ನಿ, ಹೋಗಿ ಅನ್ನುತ್ತೇನೆ. ಅಮ್ಮ ಹಾಗೆ ಬೆಳೆಸಿದ್ದಾಳೆ. ಮನಸ್ಸಿನಲ್ಲಿ ಮರ್ಯಾದೆ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು, ಈ ಕತೆಯಲ್ಲೂ ಕೊಡುವುದಿಲ್ಲ.

“ಏನಮ್ಮಾ ಮಗಳೇ, ಚೆನ್ನಾಗಿದೀಯಾ?” ಎಂದು ಇಳಿದ.

“ನೀವು ಬರೋವರೆಗೂ ಚೆನ್ನಾಗೇ ಇದ್ದೆ ಚಿಕ್ಕಪ್ಪ.”

ತಮಾಷೆ ಅಂದುಕೊಂಡು ಜೋರಾಗಿ ನಕ್ಕ. “ಪಿಕಪ್ಪೇ ಇಲ್ಲ ಕಣೇ. ನಮ್ಮ ಗ್ಯಾರೇಜಿನವರು ಫಿಲ್ಟರ್ ಹಾಕಿದ್ರು, ಪಂಪ್ ಬಿಚ್ಚಿದ್ರು, ಹೋಸ್ ಬದಲಾಯಿಸಿದ್ರು. ಊಹೂಂ. ನಿನ್ನೆ ಏರಿನಲ್ಲಿ ಒಂದು ಬಸ್ಸು ಎಳೀತಾ ಇದ್ದೆ, ಅರ್ಧ ದಾರೀಲಿ ಕೈಕೊಡ್ತು. ಆ ಬೋಳ ಬಂದು ನನ್ನ ಕಣ್ಣೆದುರಿಗೇ ಬಸ್ಸನ್ನ ತನ್ನ ಕೊಕ್ಕೆಗೆ ಹಾಕ್ಕೊಂಡು ಹೋದ. ಹೋಗ್ತಾ ಕೈ ಬೇರೆ ಬೀಸಿದ.”

ಬೋಳ ಅಂದರೆ ಊರಿನ ಇನ್ನೊಂದು ಟೋಯಿಂಗ್ ಗಾಡಿಯವನು. ಅವನ ಮುಖ ನಾನು ಸರಿಯಾಗಿ ನೋಡಿಲ್ಲ, ಆದರೂ ಆ ಕ್ಷಣ ಅವನ ಮೇಲೆ ಪ್ರೀತಿ ಉಕ್ಕಿ ಬಂತು.

“ಟರ್ಬೊ ಬಿಚ್ಚೋ ಕೈ ನಮ್ಮಲ್ಲಿ ಯಾರದೂ ಇಲ್ಲ,” ಎಂದ ಚಿಕ್ಕಪ್ಪ. ಆಮೇಲೆ ದನಿ ತಗ್ಗಿಸಿದ. ತಗ್ಗಿಸಿದರೂ ನಮ್ಮ ರಿಪೇರಿ ಶೆಡ್ಡಿನ ಆ ತುದಿಗೆ ಕೇಳುವಷ್ಟಿತ್ತು. “ಒಂದೇ ಮಾತು. ಅಣ್ಣ ಕೈ ಹಾಕೋದು ಬೇಡ. ನೀನೇ ಮಾಡು. ಅವನ ಮರೆವು ನಿನಗೇ ಗೊತ್ತಲ್ಲ.”

ಶೆಡ್ಡಿನ ಹಿಂಬದಿಯಲ್ಲಿ, ಗೋಡೆಗೆ ಹೊಡೆದ ಮೊಳೆಯೊಂದರ ಕೆಳಗೆ, ಸ್ಟೂಲಿನ ಮೇಲೆ, ಅಪ್ಪ ಸೀಮೆಎಣ್ಣೆಯ ತಟ್ಟೆಯಲ್ಲಿ ನಟ್ಟುಗಳನ್ನು ತೊಳೆಯುತ್ತಾ ಕೂತಿದ್ದ. ಅವನ ಕೈ ಒಂದು ಕ್ಷಣ ನಿಂತಿತು. ಮತ್ತೆ ಉಜ್ಜತೊಡಗಿದ. ತಲೆ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಆ ‘ಮರೆವಿನ’ ಕತೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಮೊದಲು ಅಣ್ಣ ತಮ್ಮ ಇಬ್ಬರೂ ಒಂದೇ ಗ್ಯಾರೇಜು ನಡೆಸುತ್ತಿದ್ದರು. ಕೆಳಗೆ ಗ್ಯಾರೇಜು, ಮೇಲೆ ಮನೆ. ಟರ್ಬೊ ಕೆಲಸಕ್ಕೆ ಅಪ್ಪನದು ಎತ್ತಿದ ಕೈ. ಟರ್ಬೊ ಅಂದರೆ ದೊಡ್ಡ ಮಂತ್ರವೇನಲ್ಲ. ಎಂಜಿನ್ ಉಗುಳುವ ಹೊಗೆಯ ರಭಸಕ್ಕೆ ತಿರುಗುವ ಒಂದು ಚಕ್ರ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿ ಇನ್ನೊಂದು ಚಕ್ರ, ಅದು ಎಂಜಿನ್ನಿಗೆ ಗಾಳಿ ತುಂಬುತ್ತದೆ. ಆ ಶಾಫ್ಟು ಎಣ್ಣೆಯ ತೆಳ್ಳನೆ ಪದರದ ಮೇಲೆ ತೇಲಿಕೊಂಡು ತಿರುಗಬೇಕು. ಎಣ್ಣೆ ಇಲ್ಲದೆ ಎಂಜಿನ್ ರೇಸ್ ಮಾಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೇರಿಂಗ್ ತಿಂದುಕೊಂಡು ಟರ್ಬೊ ಸತ್ತೇಹೋಗುತ್ತದೆ. ಅದಕ್ಕೇ ಹೊಸದನ್ನು ಕೂರಿಸಿದ ಮೇಲೆ ಅದರ ನೆತ್ತಿಯ ತೂತಿಗೆ ಕೈಯಾರೆ ಎಣ್ಣೆ ಹೊಯ್ದು, ಬೆರಳಲ್ಲಿ ಚಕ್ರ ತಿರುಗಿಸಿ, ಆಮೇಲೆ ಎಣ್ಣೆ ಪೈಪು ಜೋಡಿಸಿ, ಅದೂ ಆದಮೇಲೆ ಕೀ ಮುಟ್ಟಬೇಕು.

ಅಪ್ಪ ಅದಕ್ಕೊಂದು ಪದ್ಧತಿ ಇಟ್ಟುಕೊಂಡಿದ್ದ. ಟರ್ಬೊ ಬಿಚ್ಚಿದ ಗಾಡಿಯ ಸ್ಟೇರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತಿದ್ದ. ಎಣ್ಣೆ ಹೊಯ್ದ ಮೇಲೆ ತಾನೇ ಬಿಚ್ಚಿ ಗೋಡೆಯ ಮೊಳೆಗೆ ಹಾಕುತ್ತಿದ್ದ. ಬಟ್ಟೆ ಸ್ಟೇರಿಂಗಿನಲ್ಲಿದ್ದರೆ ಯಾರೂ ಕೀ ಮುಟ್ಟುವಂತಿಲ್ಲ. ಮೊಳೆಯ ಮೇಲಿದ್ದರೆ ಕೆಲಸ ಮುಗಿದಿದೆ ಅಂತ ಲೆಕ್ಕ.

ಒಂದು ದಿನ ದೊಡ್ಡ ಗಿರಾಕಿಯೊಬ್ಬನ ಲಾರಿಗೆ ಟರ್ಬೊ ಕೂರಿಸಿ, ಬಟ್ಟೆ ಕಟ್ಟಿ, ಅಪ್ಪ ಎಣ್ಣೆಯ ಡಬ್ಬ ತರಲು ಎದುರಿನ ಅಂಗಡಿಗೆ ಹೋದ. ನಾನೂ ಅಮ್ಮನೂ ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆವು. ಲಾರಿಯ ಗಾಜಿನೊಳಗೆ ಕೆಂಪು ಬಟ್ಟೆ ಇಬ್ಬರಿಗೂ ಕಾಣುತ್ತಿತ್ತು. ನಾವು ಒಳಗೆ ಬಂದ ಮೇಲೆ ಲಾರಿ ಸ್ಟಾರ್ಟ್ ಆಗಿದ್ದು ಕೇಳಿಸಿತು. ಆಮೇಲೆ ಗುಂಯ್ ಗುಂಯ್ ಗುಂಯ್. ಆಮೇಲೆ ಕಿರುಚಾಟ, ಕಬ್ಬಿಣದ್ದು. ಅಪ್ಪ ಡಬ್ಬ ಹಿಡಿದು ಓಡಿ ಬಂದಾಗ ಚಿಕ್ಕಪ್ಪ ಲಾರಿ ಪಕ್ಕ ನಿಂತು, ಗಿರಾಕಿಯ ಎದುರಿಗೇ, “ಅಣ್ಣ, ಬಟ್ಟೆ ಕಟ್ಟಿರಲಿಲ್ವಲ್ಲೋ! ಮೊಳೆ ಮೇಲೇ ಇತ್ತು. ಕೆಲಸ ಆಗಿದೆ ಅಂತ ಸ್ಟಾರ್ಟ್ ಮಾಡಿದೆ,” ಎಂದ. ಅಪ್ಪ ಗೋಡೆ ನೋಡಿದ. ಕೆಂಪು ಬಟ್ಟೆ ಮೊಳೆಯ ಮೇಲೆ ನೇತಾಡುತ್ತಿತ್ತು.

ನಾವಿಬ್ಬರೂ ನೋಡಿದ್ದೇವೆ ಅಂತ ಎಷ್ಟು ಬಡಿದುಕೊಂಡರೂ ಅಪ್ಪ ನಂಬಲಿಲ್ಲ. “ನನಗೆ ಸಮಾಧಾನ ಆಗ್ಲಿ ಅಂತ ಹೇಳ್ತೀರ. ಒಡಹುಟ್ಟಿದವನು ಯಾಕೆ ಸುಳ್ಳು ಹೇಳ್ತಾನೆ? ನಾನೇ ಮರೆತೆ,” ಎಂದುಬಿಟ್ಟ. ತಮ್ಮನ ಮಾತಿನ ಮೇಲೆ ಇದ್ದ ನಂಬಿಕೆ ತನ್ನ ಕೈಯ ಮೇಲೆ ಇರಲಿಲ್ಲ ಆ ಮನುಷ್ಯನಿಗೆ. ಗಿರಾಕಿಗಳೆಲ್ಲ ಚಿಕ್ಕಪ್ಪನ ಹಿಂದೆ ಹೋದರು, ಗ್ಯಾರೇಜೂ ಅವನದಾಯಿತು. ನಾವು ಈ ಶೆಡ್ಡಿಗೆ ಬಂದೆವು.

ಅದೆಲ್ಲ ಹಾಳಾಗಿಹೋಗಲಿ. ನನಗೆ ತಡೆಯಲಾಗದ್ದು ಬೇರೆಯೇ. ಅಂದಿನಿಂದ ಅಪ್ಪ ಎಂಜಿನ್ ಮುಟ್ಟಿಲ್ಲ. ಕೂತು ನಟ್ಟು ತೊಳೆಯುತ್ತಾನೆ. ಮಾತ್ರೆ ನುಂಗಿದ್ನಾ ಅಂತ ಅಮ್ಮನನ್ನು ಕೇಳುತ್ತಾನೆ, ನುಂಗಿದ್ದನ್ನು ನೋಡಿದವಳು ಅವಳೇ ಆದ್ದರಿಂದ ಅವಳು ಹೂಂ ಅಂದರೆ ಮಾತ್ರ ನಂಬುತ್ತಾನೆ. ಸಂಜೆ ಶೆಡ್ಡಿಗೆ ಬೀಗ ಹಾಕಿ, ಎಳೆದು ನೋಡಿ, ರಸ್ತೆಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಎಳೆದು ನೋಡುತ್ತಾನೆ. ಕೆಲವು ದಿನ ಮನೆ ಬಾಗಿಲಿಗೆ ಬಂದವನು ಅಲ್ಲಿಂದಲೂ ವಾಪಸ್ಸು ಹೋಗುತ್ತಾನೆ. ಆ ಸುಳ್ಳೊಂದನ್ನು ಅಪ್ಪನ ತಲೆಯಿಂದ ಕೀಳುವುದು, ಕಿತ್ತು, ಅದನ್ನು ಅಲ್ಲಿ ನೆಟ್ಟವನ ಮುಖದ ಮೇಲೇ ಎಸೆಯುವುದು, ನನಗೆ ಬೇಕಾಗಿದ್ದದ್ದು ಇಷ್ಟೇ.

ಮೊಳೆಯನ್ನೂ ಬಟ್ಟೆಯನ್ನೂ ನಾನು ಈ ಶೆಡ್ಡಿನಲ್ಲೂ ಇಟ್ಟುಕೊಂಡಿದ್ದೆ. ಜೊತೆಗೆ ನನ್ನದೇ ಒಂದು ಪದ್ಧತಿ ಸೇರಿಸಿದ್ದೆ. ಗಾಡಿ ಒಳಗೆ ಬಂದ ಕೂಡಲೇ ಅದರ ಕೀ ನನ್ನ ಜೇಬಿಗೆ.

“ಬಾನೆಟ್ ಎತ್ತಿ,” ಎಂದೆ ಚಿಕ್ಕಪ್ಪನಿಗೆ.

ಕೋಪ ಬಂದಾಗ ನನ್ನ ಕೈ ಇನ್ನಷ್ಟು ನೆಟ್ಟಗೆ ಕೆಲಸ ಮಾಡುತ್ತದೆ. ಮೊದಲು ಏರ್ ಫಿಲ್ಟರ್ ನೋಡಿದೆ, ಚೆನ್ನಾಗಿತ್ತು. ಹೋಸುಗಳನ್ನು ಉದ್ದಕ್ಕೂ ಹಿಚುಕಿ ನೋಡಿದೆ, ಎಲ್ಲೂ ಸೀಳಿರಲಿಲ್ಲ. ಟರ್ಬೊದಿಂದ ಹೋಗುವ ದಪ್ಪ ಹೋಸು ಕಳಚಿದೆ. ಒಳಗೆಲ್ಲ ಎಣ್ಣೆ, ಬೆರಳು ಇಟ್ಟರೆ ಗೆಣ್ಣಿನವರೆಗೆ ಕಪ್ಪಾಯಿತು. ಗಾಳಿ ಬರಬೇಕಾದ ಕಡೆ ಎಣ್ಣೆ ಬರುತ್ತಿದೆ ಅಂದರೆ ಟರ್ಬೊದ ಒಳಗಿನ ಸೀಲು ಹೋಗಿದೆ, ನೀಲಿ ಹೊಗೆಯೂ ಅದರದೇ. ಈಚೆ ಕಡೆಯ ಬಾಯಿಗೆ ಬೆರಳು ತೂರಿಸಿ ಶಾಫ್ಟಿನ ತುದಿ ಹಿಡಿದು ಅಲ್ಲಾಡಿಸಿದೆ. ಬೀಳಲಿರುವ ಹಲ್ಲಿನ ಹಾಗೆ ಅತ್ತ ಇತ್ತ ಆಡಿತು. ಟಾರ್ಚು ಹಾಕಿದರೆ ಚಕ್ರದ ರೆಕ್ಕೆಗಳು ಸುತ್ತಲಿನ ಗೋಡೆಗೆ ಉಜ್ಜಿ ಹೊಳೆಯುವ ಗೆರೆ ಬಿದ್ದಿತ್ತು.

“ಟರ್ಬೊ ಮುಗೀತು ಚಿಕ್ಕಪ್ಪ. ಹೀಗೇ ಓಡಿಸಿದ್ರೆ ರೆಕ್ಕೆ ಮುರಿದು ಎಂಜಿನ್ ಒಳಗೇ ಹೋಗುತ್ತೆ.”

“ಹೋದ ವರ್ಷ ತಾನೇ ಬೇರೆ ಊರಲ್ಲಿ ಹೊಸ ಗಾಡಿಯಿಂದ ಬಿಚ್ಚಿದ್ದನ್ನ ಹಾಕಿಸಿದ್ದೆ! ಅದು ಹೇಗೆ ಹೋಗುತ್ತೆ?”

ಅದಕ್ಕೂ ಉತ್ತರ ಹುಡುಕಿದೆ. ಹೊಸದು ಹಾಕುವ ಮೊದಲು ಹಳೆಯದು ಯಾಕೆ ಸತ್ತಿತು ಅಂತ ತಿಳಿಯದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಎಣ್ಣೆ ಬರುವ ಸಣ್ಣ ಪೈಪನ್ನು ಬಿಚ್ಚಿ ಬಾಯಿಟ್ಟು ಊದಿದೆ. ಗಾಳಿ ಹೋಗಲಿಲ್ಲ. ತಂತಿ ತೂರಿಸಿ ಕೆರೆದರೆ ಕರಿಕಲು, ಗಟ್ಟಿ ಗಟ್ಟಿ ಕಾರ್ಬನ್, ಚಿಕ್ಕಪ್ಪನ ಅಂಗೈಗೇ ಸುರಿದೆ.

“ಕಾದ ಎಂಜಿನ್ನನ್ನ ಟಕ್ ಅಂತ ನಿಲ್ಲಿಸಿದ್ರೆ ಪೈಪಲ್ಲಿರೋ ಎಣ್ಣೆ ಅಲ್ಲೇ ಸುಟ್ಟು ಹೀಗೆ ಕಟ್ಟಿಕೊಳ್ಳುತ್ತೆ. ನಿಮ್ಮ ಅರ್ಜೆಂಟೇ ಇದರ ಕಾಯಿಲೆ.”

“ಆಯ್ತು ಆಯ್ತು, ಪಾಠ ಸಾಕು. ಟರ್ಬೊ ನಾಳೆ ಬೆಳಿಗ್ಗೆ ತರಿಸ್ತೀನಿ. ಬೇಗ ಮುಗಿಸು, ಅರ್ಜೆಂಟು.” ಹೇಳುತ್ತಲೇ ಗಾಡಿಯೊಳಗೆ ಕೈ ಚಾಚಿ, ಸಿಟ್ಟಿನಲ್ಲಿ ನಾನು ಜೇಬಿಗೆ ಹಾಕಿಕೊಳ್ಳದೇ ಬಿಟ್ಟಿದ್ದ ಕೀ ಹಿಡಿದು ತಿರುವಲು ಹೋದ. ಹೋಸು ಕಳಚಿದೆ, ಪೈಪು ನನ್ನ ಕೈಯಲ್ಲಿದೆ, ಇವನಿಗೆ ಸ್ಟಾರ್ಟ್ ಮಾಡಬೇಕು! ನಾನು ಅವನ ಕೈ ತಳ್ಳಿ ಕೀ ಕಿತ್ತುಕೊಂಡೆ.

ಹಾಗೆ ಕಿತ್ತುಕೊಂಡಾಗಲೇ ನನಗೆ ಹೊಳೆದದ್ದು. ಈ ಮನುಷ್ಯನ ಕೈ ಕೀ ಕಂಡರೆ ಸುಮ್ಮನಿರುವುದಿಲ್ಲ. ಆವತ್ತೂ ಇರಲಿಲ್ಲ, ಇವತ್ತೂ ಇಲ್ಲ. ನಾನು ಇಷ್ಟು ಕಾಲ ಕೀಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೇ ತಪ್ಪಾಗಿತ್ತು.

ಆ ಸಂಜೆ ನಾನು ಗುನುಗುತ್ತಾ ಕೈ ತೊಳೆಯುತ್ತಿದ್ದಾಗ ಅಮ್ಮ ಅಡುಗೆಮನೆಯಿಂದ ಇಣುಕಿ, “ಏನೇ, ಅವನ ಮುಖ ನೋಡಿದ ದಿನ ಪಾತ್ರೆ ಎಸೆಯೋಳು ಹಾಡ್ತಾ ಇದೀಯಾ?” ಎಂದಳು. “ಗಾಡಿ ಕೆಟ್ಟಿದೆಯಲ್ಲಮ್ಮ, ಅದಕ್ಕೆ,” ಎಂದೆ. ಅವಳು ಒಳಗೆ ಹೋದಳು. ಅವಳಿಗೂ ನಾನು ಹೇಳಲಿಲ್ಲ.

ಮರುದಿನ ಚಿಕ್ಕಪ್ಪ ಹೊಸ ಟರ್ಬೊದ ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ಬಂದ. ಹಳೆಯದನ್ನು ಕೀಳುವುದೇ ಒಂದು ಯುದ್ಧವಾಯಿತು. ಸೈಲೆನ್ಸರ್ ಕಡೆಯ ನಟ್ಟುಗಳು ತುಕ್ಕು ಹಿಡಿದು ಬೋಲ್ಟಿಗೇ ಬೆಸೆದುಕೊಂಡಿದ್ದವು. ಎಣ್ಣೆ ಬಿಟ್ಟು, ಬೆಂಕಿ ತೋರಿಸಿ, ಚೂರು ಹಿಂದೆ ಚೂರು ಮುಂದೆ ತಿರುವುತ್ತಾ ಒಂದೊಂದಾಗಿ ಬಿಡಿಸಿದೆ. ಗಾಳಿ ತಣ್ಣಗಾಗಿಸುವ ಕೂಲರ್ ಬಿಚ್ಚಿ ಅದರೊಳಗೆ ಸೇರಿದ್ದ ಎಣ್ಣೆಯನ್ನೆಲ್ಲ ಬಸಿದು ತೊಳೆದೆ. ಅದನ್ನು ಹಾಗೇ ಬಿಟ್ಟರೆ ಎಂಜಿನ್ ಆ ಎಣ್ಣೆಯನ್ನೇ ಕುಡಿದು ಹುಚ್ಚು ಹಿಡಿದ ಹಾಗೆ ಓಡುತ್ತದೆ. ಎಂಜಿನ್ ಆಯಿಲ್ ಬದಲಿಸಿದೆ, ಫಿಲ್ಟರ್ ಬದಲಿಸಿದೆ. ಕಟ್ಟಿಕೊಂಡ ಪೈಪಿಗೆ ಬದಲು ಹೊಸ ಪೈಪು. ಹೊಸ ಗ್ಯಾಸ್ಕೆಟ್ ಇಟ್ಟು ಟರ್ಬೊ ಕೂರಿಸಿ ನಟ್ಟು ಬಿಗಿ ಮಾಡಿದೆ. ಒಂದು ಕೆಲಸದಲ್ಲೂ ಕಳ್ಳತನ ಮಾಡಲಿಲ್ಲ. ನಾನು ಹಾಕಿದ ಬಲೆಯಲ್ಲಿ ನನ್ನ ಕೆಲಸದ್ದೊಂದು ತಪ್ಪೂ ಇರಬಾರದು ಅಂತ ನನಗೆ ಹಟ.

ಅಷ್ಟೂ ಹೊತ್ತು ಚಿಕ್ಕಪ್ಪ ರಸ್ತೆಯಲ್ಲಿ ಬೆನ್ನು ತಿರುಗಿಸಿ ಫೋನಿನಲ್ಲಿ ಕಿರುಚುತ್ತಿದ್ದ. ಪಕ್ಕದ ಪಂಕ್ಚರ್ ಅಂಗಡಿಯವನೂ ಎದುರಿನ ಸ್ಟ್ಯಾಂಡಿನ ಟೆಂಪೊ ಡ್ರೈವರುಗಳೂ ಅರ್ಜೆಂಟಿನ ಗಾಡಿ ಬಾಯಿ ತೆರೆದು ನಿಂತಿರುವುದನ್ನು ಸಂತೋಷದಿಂದ ನೋಡುತ್ತಿದ್ದರು. ಅಪ್ಪ ತನ್ನ ಸ್ಟೂಲಿನ ಮೇಲೆ.

ಉಳಿದದ್ದು ಎಣ್ಣೆ ಹೊಯ್ಯುವುದು, ಪೈಪಿನ ಮೇಲಿನ ತುದಿ ಜೋಡಿಸುವುದು. ಅಪ್ಪನ ತಲೆಯ ಮೇಲಿನ ಮೊಳೆಯಿಂದ ಕೆಂಪು ಬಟ್ಟೆ ತೆಗೆದುಕೊಂಡೆ. ಅಪ್ಪ ಎಂದಿನಂತೆ ಅದರ ಕಡೆ ನೋಡದೆ ಮುಖ ತಿರುಗಿಸಿದ. ಗಾಡಿ ಹತ್ತಿ ಸ್ಟೇರಿಂಗಿಗೆ ಬಟ್ಟೆ ಸುತ್ತಿ ಗಂಟಿನ ಮೇಲೆ ಗಂಟು ಹಾಕಿದೆ. ಜೇಬಿನಿಂದ ಕೀ ತೆಗೆದು ಅದರ ಜಾಗಕ್ಕೆ ಚುಚ್ಚಿದೆ. ಚುಚ್ಚಿದ ಕೈ ಅಭ್ಯಾಸಬಲದಿಂದ ವಾಪಸ್ಸು ಎಳೆಯಲು ಹೋಯಿತು, ಬಿಡಿಸಿಕೊಂಡು ಇಳಿದೆ.

“ಚಿಕ್ಕಪ್ಪ, ಎಣ್ಣೆ ತರೋಕೆ ಹೋಗ್ತಿದೀನಿ. ಏನೂ ಮುಟ್ಟಬೇಡಿ,” ಎಂದು ಕೂಗಿದೆ. ಹೇಳಲಿಲ್ಲ ಅನ್ನುವ ಮಾತು ಬರಬಾರದಲ್ಲ.

“ಹೂಂ ಹೂಂ,” ಎಂದ, ಫೋನಿನಿಂದ ಕಿವಿ ತೆಗೆಯದೆ.

ಹಿಂದಿನ ಕೋಣೆಯಲ್ಲಿ ಎಣ್ಣೆಯ ಡಬ್ಬ ಕಣ್ಣೆದುರಿನ ಕಪಾಟಿನಲ್ಲೇ ಇತ್ತು. ಅದನ್ನು ನೋಡುತ್ತಾ ನಿಂತೆ. ಇವನಿಗೆ ಇವತ್ತೇ ತಾಳ್ಮೆ ಬಂದುಬಿಟ್ಟರೆ? ಎಂದೂ ಇಲ್ಲದ್ದು ಇವತ್ತೇ ನನ್ನ ಮಾತು ಕೇಳಿ ಕಾದುಬಿಟ್ಟರೆ? ಅಪ್ಪ ಆ ಸುಳ್ಳನ್ನು ಹೊತ್ತುಕೊಂಡೇ ಸಾಯುತ್ತಾನೆ, ನಾನು ಈ ಗಾಡಿಗೆ ಬೇಗ ಬೇಗ ಎಣ್ಣೆ ಹೊಯ್ದು, ನಗುತ್ತಾ ಕಳಿಸಿಕೊಡಬೇಕಾಗುತ್ತದೆ. ಮುಟ್ಟೋ, ಮುಟ್ಟೋ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಯಾರಿಗೂ ಇಷ್ಟು ಕೆಟ್ಟದ್ದನ್ನು ಇಷ್ಟು ಭಕ್ತಿಯಿಂದ ನಾನು ಬೇಡಿಕೊಂಡದ್ದಿಲ್ಲ.

ಅವನ ಫೋನು ಮತ್ತೆ ಹೊಡೆದುಕೊಂಡಿತು. “ಏನು? ಸೇತುವೆ ಮೇಲೆ ಲಾರಿ ಅಡ್ಡ ಬಿದ್ದಿದೆಯಾ? ಬೋಳ ಹೊರಟನಾ? ಅವನಿಗೆ ಕೊಡಬೇಡಿ, ಬಂದೆ, ಬಂದೇಬಿಟ್ಟೆ!”

ಗಾಡಿಯ ಬಾಗಿಲು ಧಡಾರೆಂದಿತು. ಆಮೇಲೆ ಸದ್ದಿಲ್ಲ. ಗಂಟಿನ ಮೇಲಿನ ಗಂಟು ಬಿಚ್ಚಲು ಅಷ್ಟು ಹೊತ್ತು ಬೇಕು, ನನಗೆ ಗೊತ್ತಿತ್ತು.

ಆಗ ನಾನು ಎಣಿಸದೇ ಇದ್ದದ್ದೊಂದು ಆಯಿತು. ಶೆಡ್ಡಿನ ಹಿಂಬದಿಯಿಂದ ಅಪ್ಪ ಕೂಗಿದ. ಆ ದನಿ ಕೇಳಿ ನನಗೆ ವರ್ಷಗಳೇ ಆಗಿದ್ದವು.

“ಲೋ! ಎಣ್ಣೆ ಹಾಕಿಲ್ಲ ಕಣೋ ಇನ್ನೂ! ಪೈಪ್ ಜೋಡಿಸಿಲ್ಲ! ಕೀ ಮುಟ್ಟಬೇಡ!”

ಬಾನೆಟ್ಟಿನ ಕಡೆ ಒಮ್ಮೆಯೂ ಬಂದಿರಲಿಲ್ಲ ಅಪ್ಪ. ಕೂತಲ್ಲಿಂದಲೇ ನನ್ನ ಒಂದೊಂದು ಸ್ಪ್ಯಾನರಿನ ಸದ್ದನ್ನೂ ಕೇಳಿಸಿಕೊಂಡು, ಯಾವ ಕೆಲಸ ಆಗಿದೆ, ಯಾವುದು ಉಳಿದಿದೆ ಅಂತ ತಲೆಯಲ್ಲೇ ಲೆಕ್ಕ ಇಟ್ಟಿದ್ದ. ಮರೆಗುಳಿಯಂತೆ!

ಸೆಲ್ಫ್ ಹೊಡೆಯಿತು. ಎಂಜಿನ್ ಹತ್ತಿಕೊಂಡಿತು. ಗುಂಯ್. ಗುಂಯ್. ಮೂರನೆಯದು ಪೂರ್ತಿಯಾಗಲಿಲ್ಲ, ಅದರೊಳಗಿಂದ ಕೀರಲು ಕಿರುಚಾಟ ಎದ್ದಿತು, ಆವತ್ತು ಮೇಲಿನ ಮನೆಯೊಳಗಿಂದ ಕೇಳಿದ್ದೇ.

ನಾನು ಡಬ್ಬ ಹಿಡಿದು ಹೊರಗೆ ಬಂದಾಗ ಎಂಜಿನ್ ನಿಂತಿತ್ತು. ಜೋಡಿಸದೆ ಬಿಟ್ಟಿದ್ದ ಪೈಪಿನಿಂದ ಚಿಮ್ಮಿದ ಎಣ್ಣೆ ಬಾನೆಟ್ಟಿನ ಒಳಗೆಲ್ಲ, ಗಾಜಿನ ಮೇಲೆಲ್ಲ ಸುರಿಯುತ್ತಿತ್ತು. ಪಂಕ್ಚರ್ ಅಂಗಡಿಯವನು, ಟೆಂಪೊ ಡ್ರೈವರುಗಳು ಎಲ್ಲ ಓಡಿ ಬಂದಿದ್ದರು. ಅಪ್ಪನೂ ಎದ್ದು ಬಂದು ಗಾಡಿಯ ಮುಂದೆ ನಿಂತಿದ್ದ, ಕೈಯಿಂದ ಸೀಮೆಎಣ್ಣೆ ತೊಟ್ಟಿಕ್ಕುತ್ತಿತ್ತು.

ಚಿಕ್ಕಪ್ಪ ಇಳಿದವನೇ ನನ್ನ ಮೇಲೆ ಹಾರಿದ. “ಏನೇ ಕೆಲಸ ಇದು? ಪೈಪೇ ಹಾಕದೆ ಬಿಟ್ಟು ಹೋಗಿದೀಯಾ?”

“ಮುಟ್ಟಬೇಡಿ ಅಂದಿದ್ದೆ. ಬಟ್ಟೆ ಕಟ್ಟಿದ್ದೆ.”

“ಯಾವ ಬಟ್ಟೆ? ಎಲ್ಲಿತ್ತು? ಇದ್ದಿದ್ರೆ ನಾನು ಕೀ ಮುಟ್ತಿದ್ನಾ? ನನಗೆ ಗೊತ್ತಿಲ್ವಾ ಆ ಬಟ್ಟೆ ವಿಷಯ? ಇವರ ಮನೇಲಿ ಮರೆವು ರಕ್ತದಲ್ಲೇ ಬಂದಿದೆ. ಅಪ್ಪನ ಹಾಗೇ ಮಗಳು!” ಸುತ್ತ ನಿಂತವರಿಗೆಲ್ಲ ಕೇಳಲಿ ಅಂತ ಕೈ ಆಡಿಸಿ ಆಡಿಸಿ ಹೇಳಿದ.

ನನ್ನ ಬಾಯಲ್ಲಿ ಎಷ್ಟೋ ವರ್ಷದಿಂದ ಹರಿತ ಮಾಡಿಟ್ಟ ಮಾತುಗಳಿದ್ದವು. ಅಪ್ಪ ಕೈ ಎತ್ತಿದ, ಸುಮ್ಮನಾದೆ. ಅವನು ಹಿಂದೆ ತಿರುಗಿ ಗೋಡೆ ನೋಡಿದ. ಮೊಳೆ ಖಾಲಿ. ಆಮೇಲೆ ಕಿಟಕಿಯಲ್ಲಿ ಬಗ್ಗಿ ಸ್ಟೇರಿಂಗ್ ನೋಡಿದ.

“ಸ್ಟೇರಿಂಗ್ ಮೇಲಿಲ್ಲ,” ಎಂದ ನಿಧಾನವಾಗಿ. “ಮೊಳೆ ಮೇಲೂ ಇಲ್ಲ.”

ಚಿಕ್ಕಪ್ಪನ ಕಣ್ಣು ತನ್ನಷ್ಟಕ್ಕೇ ಮೊಳೆಯ ಕಡೆ ಓಡಿತು. ಆವತ್ತು ಅಪ್ಪ ಅಂಗಡಿಯಿಂದ ಬರುವಷ್ಟರಲ್ಲಿ ಮೊಳೆಯವರೆಗೆ ಹೋಗಿ ಬರಲು ಅವನಿಗೆ ಸಮಯವಿತ್ತು. ಇವತ್ತು ಮೊಳೆಯ ಕೆಳಗೇ ಅಣ್ಣ ಕೂತಿದ್ದ.

ಅಪ್ಪ ತಮ್ಮನನ್ನು ಮೇಲಿಂದ ಕೆಳಗೆ ನೋಡಿದ. ಪ್ಯಾಂಟಿನ ಎಡಜೇಬು ಉಬ್ಬಿತ್ತು, ಅದರ ಬಾಯಲ್ಲಿ ಕೆಂಪು ಚುಂಗು ಇಣುಕುತ್ತಿತ್ತು. ಅಪ್ಪ ಹತ್ತಿರ ಹೋಗಿ ಎರಡು ಬೆರಳಲ್ಲಿ ಅದನ್ನು ಹಿಡಿದು ಎಳೆದ. ಉದ್ದಕ್ಕೂ ಬಂತು ಬಟ್ಟೆ, ಗಂಟಿನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ.

“ಅಯ್ಯೋ ಪುಣ್ಯಾತ್ಮಾ!” ಎಂದ ಪಂಕ್ಚರ್ ಅಂಗಡಿಯವನು.

“ಆವತ್ತೂ ಹೀಗೇನಾ?” ಎಂದು ಅಪ್ಪ ಕೇಳಿದ.

“ಅಣ್ಣ, ಅದು... ಅರ್ಜೆಂಟಲ್ಲಿ... ಬೋಳ ಹೊರಟುಬಿಟ್ಟಿದ್ದ...”

“ಇವತ್ತಿನದಲ್ಲ ನಾನು ಕೇಳಿದ್ದು.”

ಚಿಕ್ಕಪ್ಪ ಸುತ್ತ ನೋಡಿದ. ಒಬ್ಬನೂ ಕಣ್ಣು ತಪ್ಪಿಸಲಿಲ್ಲ, ಎಲ್ಲರಿಗೂ ಉತ್ತರ ಬೇಕಿತ್ತು. “ದೊಡ್ಡ ಗಿರಾಕಿ ಅಣ್ಣ. ಎದುರಿಗೇ ನಿಂತಿದ್ದ. ಹೆದರಿಕೆ ಆಯ್ತು,” ಎಂದ. “ಆಮೇಲೆ ಹೇಳೋಣ ಅಂದ್ಕೊಂಡೆ.”

“ಆಮೇಲೆ,” ಎಂದ ಅಪ್ಪ. ಬಟ್ಟೆಯನ್ನು ಕೈಯಲ್ಲೇ ಹಿಂಡುತ್ತಿದ್ದ.

ನನಗೆ ಕುಣಿಯುವಷ್ಟು ಖುಷಿ. ಮುಚ್ಚಿಡುವುದು ಯಾಕೆ? “ಬೋಳನನ್ನೇ ಕರೆಸಿ ಚಿಕ್ಕಪ್ಪ,” ಎಂದೆ. “ನಿಮ್ಮ ಗಾಡಿಗೆ ಕೊಕ್ಕೆ ಹಾಕಿ ಎಳ್ಕೊಂಡು ಹೋಗ್ಲಿ. ಬಾಗಿಲ ಮೇಲಿನ ಫೋಟೊ ಸಮೇತ ಊರೆಲ್ಲ ಮೆರವಣಿಗೆ ಆಗ್ಲಿ.” ಡ್ರೈವರುಗಳು ಹೋ ಎಂದು ನಕ್ಕರು. ಒಬ್ಬ ಆಗಲೇ ಫೋನು ತೆಗೆದಿದ್ದ.

“ಬೇಡ,” ಎಂದ ಅಪ್ಪ. “ಗಾಡಿ ಇಲ್ಲೇ ಇರ್ಲಿ. ಇನ್ನೊಂದು ಟರ್ಬೊ ತಗೊಂಡು ಬಾ. ನಾನೇ ಹಾಕ್ತೀನಿ.” ಚಿಕ್ಕಪ್ಪನ ಮುಖಕ್ಕೆ ಜೀವ ಬಂದದ್ದನ್ನು ನೋಡಿ, ಅಪ್ಪ ರಸ್ತೆಯ ಕಡೆ ಬೆರಳು ತೋರಿಸಿದ. “ನೀನು ಒಳಗೆ ಕಾಲಿಡಬೇಡ. ಅಲ್ಲಿ ನಿಂತ್ಕೊ. ಕೆಲಸ ಮುಗಿಯೋವರೆಗೂ ನಿಂತೇ ಇರಬೇಕು. ಯಾರಾದ್ರೂ ಯಾಕೆ ನಿಂತಿದೀಯ ಅಂತ ಕೇಳಿದ್ರೆ ನಿನ್ನ ಬಾಯಿಂದಲೇ ಹೇಳು.”

ಆಮೇಲೆ ನನ್ನನ್ನು ಎಂಜಿನ್ನಿನ ಆಚೆಗೆ ಕರೆದ. ದನಿ ತಗ್ಗಿಸಿ ಕೇಳಿದ: “ಕೀ ಯಾವತ್ತೂ ನಿನ್ನ ಜೇಬಲ್ಲಿರುತ್ತೆ. ಇವತ್ತು ಯಾಕೆ ಗಾಡೀಲಿತ್ತು?”

ನಾನು ಎಣ್ಣೆಯ ಡಬ್ಬ ಕೆಳಗಿಟ್ಟೆ.

“ಟರ್ಬೊ ನಿನಗೇನು ಮಾಡಿತ್ತೇ?”

“ಟರ್ಬೊ ಏನೂ ಮಾಡಿರಲಿಲ್ಲ. ಅವರು ಮಾಡಿದ್ರು.”

“ಅದಕ್ಕೆ ಒಳ್ಳೇ ಸಾಮಾನು ಸುಟ್ಟುಬಿಡ್ತೀಯಾ? ಇನ್ನೊಂದು ಸಲ ಹೀಗೆ ಮಾಡಿದ್ರೆ ಈ ಶೆಡ್ಡಲ್ಲಿ ಸ್ಪ್ಯಾನರ್ ಮುಟ್ಟಬೇಡ. ತಿಳೀತಾ? ಹದಿಮೂರರದ್ದು ಕೊಡು ಇಲ್ಲಿ.”

ಎಷ್ಟೋ ವರ್ಷವಾಗಿತ್ತು ಅಪ್ಪ ನನ್ನನ್ನು ಹೀಗೆ ಬೈದು. ಕೆಲಸ ಕಲಿಸುತ್ತಿದ್ದ ಕಾಲದಲ್ಲಿ ಬೈಯುತ್ತಿದ್ದ, ಆಮೇಲೆ ಯಾರನ್ನೂ ಬೈಯುವ ಹಕ್ಕು ತನಗಿಲ್ಲ ಅಂದುಕೊಂಡಿದ್ದ. ತಲೆ ತಗ್ಗಿಸಿಕೊಂಡು ಸ್ಪ್ಯಾನರ್ ಕೊಟ್ಟೆ. ಪಶ್ಚಾತ್ತಾಪ ಆಯಿತಾ ಅಂದರೆ, ಇಲ್ಲ.

ಎರಡನೆಯ ಟರ್ಬೊ ಮಾರನೆಯ ದಿನ ಬಂತು. ಮೊದಮೊದಲು ಅಪ್ಪನ ಕೈಯಿಂದ ಎರಡು ಸಲ ನಟ್ಟು ಕೆಳಗೆ ಬಿತ್ತು. ಆಮೇಲೆ ಒಂದೂ ಬೀಳಲಿಲ್ಲ. ಚಿಕ್ಕಪ್ಪ ಬಿಸಿಲಿನಲ್ಲಿ ರಸ್ತೆಯಂಚಿಗೆ ನಿಂತಿದ್ದ. ಹೋಗುವ ಬರುವ ಡ್ರೈವರುಗಳೆಲ್ಲ ಗಾಡಿ ನಿಧಾನ ಮಾಡಿ, “ಏನು ಅರ್ಜೆಂಟು, ಇಲ್ಲಿ ನಿಂತಿದೀರಾ?” ಎಂದು ವಿಚಾರಿಸಿದರು. ಬೋಳನೂ ಒಮ್ಮೆ ಬಂದ, ಯಾವುದೋ ಲಾರಿಯನ್ನು ಎಳೆದುಕೊಂಡು, ತಿರುಗಿ ಇನ್ನೊಮ್ಮೆಯೂ ಬಂದ. ಅಮ್ಮ ಮನೆಯಿಂದ ಒಂದು ಕುರ್ಚಿ ತಂದಳು. ಚಿಕ್ಕಪ್ಪ ಆಸೆಯಿಂದ ನೋಡಿದ. ಅವಳು ಅದನ್ನು ಅವನೆದುರಿಗೆ ಹಾಕಿ ತಾನೇ ಕೂತಳು.

ಅಪ್ಪ ಟರ್ಬೊದ ನೆತ್ತಿಗೆ ಎಣ್ಣೆ ಹೊಯ್ದ. ಬೆರಳಿನಿಂದ ಚಕ್ರ ತಿರುಗಿಸಿದ, ಮತ್ತೆ ಹೊಯ್ದ. ಪೈಪು ಜೋಡಿಸಿದ. ಕೈ ಒರೆಸಿಕೊಂಡು ಗಾಡಿ ಹತ್ತಿ, ಸ್ಟೇರಿಂಗಿನಲ್ಲಿದ್ದ ಕೆಂಪು ಬಟ್ಟೆಯ ಗಂಟಿಗೆ ಕೈ ಹಾಕಿದವನು ನಿಂತ. ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದ:

“ಎಲ್ಲರೂ ನೋಡ್ಕೊಳ್ಳಿ! ಬಟ್ಟೆ ನಾನು ಬಿಚ್ತಾ ಇದೀನಿ!”

ಪಂಕ್ಚರ್ ಅಂಗಡಿಯವನು ಕೈಯಲ್ಲಿದ್ದ ಟ್ಯೂಬು ಬಿಟ್ಟು ಚಪ್ಪಾಳೆ ತಟ್ಟಿದ. ಚಿಕ್ಕಪ್ಪ ತನ್ನ ಚಪ್ಪಲಿ ನೋಡಿಕೊಂಡ. ಎಂಜಿನ್ ರೇಸಿಲ್ಲದೆ ಮೆಲ್ಲಗೆ ಹತ್ತಿಕೊಂಡಿತು, ಅಪ್ಪ ಅದನ್ನು ಹಾಗೇ ಓಡಲು ಬಿಟ್ಟು ಕಿವಿಗೊಟ್ಟು ಕೂತ. ಹೊಗೆ ಇಲ್ಲ, ಅಳು ಇಲ್ಲ.

ಅವತ್ತು ಸಂಜೆ ಅಪ್ಪನೇ ಶೆಡ್ಡಿನ ಬಾಗಿಲು ಎಳೆದು ಬೀಗ ಹಾಕಿದ. ಕೀಯನ್ನು ಜೇಬಿಗಿಳಿಸಿ ಅಮ್ಮನ ಜೊತೆ ಮಾತಾಡುತ್ತಾ ಮನೆಯ ಕಡೆ ಹೊರಟ. ತಿರುವಿನವರೆಗೆ ಹೋದ, ತಿರುವು ದಾಟಿದ, ವಾಪಸ್ಸು ಬರಲಿಲ್ಲ. ನಾನು ಸ್ವಲ್ಪ ಹೊತ್ತು ಕಾದು, ನಾನೇ ಒಂದು ಸಲ ಬೀಗ ಎಳೆದು ನೋಡಿದೆ. ಸರಿಯಾಗಿಯೇ ಬಿದ್ದಿತ್ತು.